ಉಗುರು ನಿಂತ ಜಾಗ

ನಮ್ಮ ಮನೆಯ ಗೋಡೆಗಳು ಮಧ್ಯಾಹ್ನಕ್ಕೊಮ್ಮೆ ನಡುಗುತ್ತಿದ್ದವು. ಊರ ಆಚೆ ಕಾಲುವೆಗಾಗಿ ಬಂಡೆ ಒಡೆಯುತ್ತಿದ್ದ ಕಾಲ ಅದು. ಮೊದಲು ಸೈರನ್ ಕೂಗುತ್ತಿತ್ತು. ಕೂಗಿದ ಕೂಡಲೇ ಅವ್ವ ಒಲೆ ಮುಂದಿನಿಂದ ಎದ್ದು, ತಟ್ಟುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು, ಗೂಡಿನಲ್ಲಿದ್ದ ಹಿತ್ತಾಳೆ ತಂಬಿಗೆ, ಉಪ್ಪಿನಕಾಯಿ ಭರಣಿ, ದೇವರ ಮುಂದಿನ ದೀಪ ಎಲ್ಲವನ್ನೂ ಇಳಿಸಿ ನೆಲದ ಮೇಲೆ ಇಡುತ್ತಿದ್ದಳು. ಆಮೇಲೆ ನಾವೆಲ್ಲ ಮಾತು ನಿಲ್ಲಿಸಿ ಕಾಯುತ್ತಿದ್ದೆವು. ಕಿವಿಗಿಂತ ಮೊದಲು ಅಂಗಾಲಿಗೆ ಗೊತ್ತಾಗುತ್ತಿತ್ತು. ಸದ್ದು ಬಂದು ಹೋದ ಮೇಲೆ ಅಟ್ಟದಿಂದ ಮಣ್ಣು ಉದುರುವುದು ಮಾತ್ರ ಬಹಳ ಹೊತ್ತು ಕೇಳುತ್ತಿತ್ತು. ಕಾಲುವೆ ಬಂದರೆ ಈ ಸೀಮೆಯೆಲ್ಲ ಹಸಿರಾಗುತ್ತದೆ ಎಂದು ಊರಿನವರು ಹಿಗ್ಗಿನಿಂದ ಹೇಳಿಕೊಳ್ಳುತ್ತಿದ್ದರು. ನನಗೆ ಆ ದಿನಗಳೆಂದರೆ ನೆನಪಾಗುವುದು ಗೋಡೆಯಲ್ಲಿ ದಿನಕ್ಕೊಂದು ಹೊಸ ಸೀಳು, ಮತ್ತು ಅವ್ವ ಸಂಜೆಗೆ ಮಣ್ಣು ಸಗಣಿ ಕಲಸಿ ಅದನ್ನು ಮುಚ್ಚುತ್ತಿದ್ದದ್ದು. ನಾನು ಬುಟ್ಟಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಒಂದು ದಿನ ಕೇಳಿದೆ.

"ಯವ್ವಾ, ಮ್ಯಾಲ ಮೆತ್ತಿದರ ಒಳಗ ಸೀಳು ಹಂಗೇ ಇರ್ತದಲ್ಲ?"

"ಇರ್ಲಿ ಬಿಡು. ಬಂದ ಮಂದಿ ಕಣ್ಣಿಗಿ ಬೀಳಬಾರದು, ಅಷ್ಟ."

ನಮ್ಮದು ಬಡಿಗರ ಮನೆ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿಗೆ ಇತ್ತು. ಅಪ್ಪ ನೇಗಿಲು, ಕುಂಟೆ ಮಾಡುವವನಲ್ಲ. ಅವನದು ಕಟ್ಟಿಗೆ ತಿರುವುವ ಕೆಲಸ. ಪಡಸಾಲೆಯ ನೆಲದಲ್ಲಿ ಎರಡು ಗೂಟ ಹೂತು, ಅವುಗಳ ನಡುವೆ ಕಬ್ಬಿಣದ ಮೊನೆಗಳ ಮೇಲೆ ಕಟ್ಟಿಗೆ ನಿಲ್ಲಿಸುವ ಖರಾದು ಅವನದು. ಒಬ್ಬರು ಕಟ್ಟಿಗೆಗೆ ಸುತ್ತಿದ ಚರ್ಮದ ಬಾರನ್ನು ಎರಡೂ ಕೈಯಲ್ಲಿ ಹಿಂದೆ ಮುಂದೆ ಎಳೆಯಬೇಕು, ಕಟ್ಟಿಗೆ ಗಿರಗಿರ ತಿರುಗುತ್ತದೆ. ಇನ್ನೊಬ್ಬರು ಎದುರಿಗೆ ಕೂತು ಉಳಿ ಹಿಡಿಯಬೇಕು. ತೊಟ್ಟಿಲ ಕಾಲು, ಲಟ್ಟಣಿಗೆ, ಬುಗುರಿ, ಮಂಚದ ಕಾಲು ಎಲ್ಲವೂ ಅದರ ಮೇಲಿಂದಲೇ ಇಳಿಯುತ್ತಿದ್ದವು. ಕೊನೆಗೆ ಅರಗಿನ ಬತ್ತಿಯನ್ನು ತಿರುಗುವ ಕಟ್ಟಿಗೆಗೆ ಒತ್ತಿ ಹಿಡಿದರೆ ಆ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತಿತ್ತು, ತಾಳೆಗರಿಯಿಂದ ಉಜ್ಜಿದರೆ ಮುಖ ಕಾಣುವಷ್ಟು ಹೊಳಪು. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಉಳಿ ಅಣ್ಣ ಮೋನಪ್ಪನ ಕೈಗೆ ಬಂತು. ಬಾರು ಎಳೆಯಲು ಯಾರಾದರೂ ಬೇಕಾಗಿತ್ತು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟೆ. ಬಿಡಿಸಿದರು ಎನ್ನುವುದಕ್ಕಿಂತ, ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ, ಆಮೇಲೆ ಯಾರೂ ಕೇಳಲಿಲ್ಲ.

ಖರಾದಿನ ಮುಂದೆ ಮಾತು ಕಡಿಮೆ. ಉಳಿ ಹಿಡಿದವನು "ಎಳಿ" ಅಂದರೆ ಎಳೆಯಬೇಕು, "ಬಿಟ್ಟೆ" ಅಂದರೆ ನಿಲ್ಲಿಸಬೇಕು. ಇದಲ್ಲದೆ ಅಪ್ಪನ ಇನ್ನೊಂದು ಕಟ್ಟಳೆ ಇತ್ತು. ಅರಗು ಹಚ್ಚುವ ಮೊದಲು ಪ್ರತಿ ಕಟ್ಟಿಗೆಯ ಮೇಲೂ ಹೆಬ್ಬೆರಳ ಉಗುರನ್ನು ಉದ್ದಕ್ಕೆ ಎಳೆಯಬೇಕು. ಸೀಳಿದ್ದರೆ ಕಣ್ಣಿಗೆ ಕಾಣದಿದ್ದರೂ ಉಗುರು ಅಲ್ಲಿ ನಿಲ್ಲುತ್ತದೆ.

"ಉಗುರು ನಿಂತದ್ದು ಒಲಿಗಿ," ಎನ್ನುತ್ತಿದ್ದ ಅಪ್ಪ. "ಎಷ್ಟ ಚಂದ ಇರವಲ್ದ್ಯಾಕ, ಸೀಳಿಗಿ ಅರಗು ಹಚ್ಚಿದಂವ ಬಡಿಗನ ಅಲ್ಲ. ತಿರಗೂವಾಗ ಸೀಳಿನಿಂದ ಸಿಡದು ಗಾಳ್ಯಾಗ ಹಾರೋ ಕಟಗಿಗಿ ಅಪ್ಪ ಯಾರು, ಮಗ ಯಾರು ಅಂತ ಗೊತ್ತಿರಂಗಿಲ್ಲ."

ಗೋಡೆಯ ವಿಷಯಕ್ಕೆ ಅವ್ವನ ಮಾತು, ಕಟ್ಟಿಗೆಯ ವಿಷಯಕ್ಕೆ ಅಪ್ಪನ ಮಾತು. ಒಂದೇ ಮನೆಯಲ್ಲಿ ಎರಡನ್ನೂ ಕೇಳಿ ಬೆಳೆದೆ. ಬೇಕಾದಾಗ ನನಗೆ ನೆನಪಾದದ್ದು ಅವ್ವನದು.

ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನಿಂದ ಒಬ್ಬ ಓವರ್‌ಸಿಯರ್ ಸಾಹೇಬರು ಮಂಚದ ಕಾಲು ಮಾಡಿಸಲು ಬಂದರು. ಮೈಸೂರು ಕಡೆಯವರು. ಅವರ ಜೇಬಿನಲ್ಲಿ ಕಟ್ಟಿಗೆಯ ಪೆನ್ನೊಂದು ಇತ್ತು, ಅದರ ಟೋಪಿ ಒಡೆದಿತ್ತು. ಅಂಥದ್ದು ಮಾಡಲಾಗುತ್ತದೆಯೇ ಎಂದು ಕೇಳಿ ಕೆಲವು ರಿಫಿಲ್ ಕೊಟ್ಟು ಹೋದರು. ಅಣ್ಣನಿಗೆ ಹುಚ್ಚು ಹಿಡಿಯಿತು. ಮಂಚದ ಕಾಲು ತಿರುವಿದ ಕೈ ಅದು. ಮೊದಲನೆಯ ಪೆನ್ನು ಇಳಿದಾಗ ಅವ್ವ ಅದನ್ನು ಹಿಡಿದು ತಿರುಗಿಸಿ ನೋಡಿದಳು.

"ಇದು ಪೆನ್ನೇನೋ ಮೋನ್ಯಾ, ಖಾರ ಕುಟ್ಟೋ ಒನಕಿನೋ? ಇದರಾಗ ಬರದ್ರ ಕಾಗದ ಹರದ ಹೋಗ್ತದ."

ಪುಂಡಿಪಲ್ಯ, ರೊಟ್ಟಿ ತಿನ್ನುತ್ತಿದ್ದ ಅಪ್ಪನಿಗೂ ನಗು ಬಂತು. ಅಣ್ಣ ಊಟ ಬಿಟ್ಟು ಎದ್ದ. ಎರಡನೆಯದನ್ನು ಸಣ್ಣ ಮಾಡಲು ಹೋಗಿ ಎಲ್ಲ ಕಡೆಗೂ ಒಂದೇ ಸಮ ಕೆತ್ತಿದ, ಅದು ಕೈಯಿಂದ ಜಾರುವ ಕಡ್ಡಿಯಾಯಿತು. ಅವನ ತೊಂದರೆ ನನಗೆ ತಿಳಿಯಿತು. ಅವನು ಬರೆದವನೇ ಅಲ್ಲ. ಒಂದನೇ ಕ್ಲಾಸಿನಲ್ಲಿ ಮಾಸ್ತರರ ಕೈಯಲ್ಲಿ ಹೊಡೆತ ತಿಂದು ಬಂದವನು ಮತ್ತೆ ಹೋಗಿರಲಿಲ್ಲ. ಪೆನ್ನಿನ ಮೇಲೆ ಬೆರಳು ಎಲ್ಲಿ ಕೂರುತ್ತದೆ ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು? ನಾನು ಒಲೆಯಿಂದ ಇದ್ದಿಲು ತಂದು ಅವನ ಕಡ್ಡಿಯನ್ನು ಹಿಡಿದು ತೋರಿಸಿದೆ. ಮೂರು ಬೆರಳಿನ ಕಪ್ಪು ಗುರುತು ಕಟ್ಟಿಗೆಯ ಮೇಲೆ ಮೂಡಿತು.

"ಇಲ್ಲಿ ಸೊಂಟ ತಗ್ಗಬೇಕು ಅಣ್ಣಾ. ಅದರ ಮುಂದ ಒಂದೀಟು ಉಬ್ಬಿರಲಿ, ಬೆರಳು ಜಾರಂಗಿಲ್ಲ. ಹಿಂದಕ್ಕ ಹೋದಂಗ ಸಣ್ಣಾಗಲಿ, ಇಲ್ಲಂದ್ರ ಭಾರಕ್ಕ ಪೆನ್ನು ಹಿಂದ ಬೀಳ್ತದ."

"ಭಾರಿ ಶಾಣ್ಯಾಕಿ ಆದಿಯಲ್ಲ! ಎಳಿ ಎಳಿ."

ಅಂದ. ಆದರೆ ಹಾಗೇ ಕೆತ್ತಿದ. ಮೂರನೆಯದು ಕೈಯಲ್ಲಿ ಕೂತಿತು.

ಆಮೇಲೆ ಟೋಪಿಯ ಕಷ್ಟ. ಟೋಪಿಯೊಳಗೆ ಬೈರಿಗೆಯಿಂದ ತೂತು ಕೊರೆದು, ಪೆನ್ನಿನ ಮೈಗೆ ಅದು ಕೂರುವಷ್ಟು ಮೆಟ್ಟಿಲು ಕೆತ್ತಬೇಕು. ಅಣ್ಣ ಕೊರೆದ ಕೂಡಲೇ ಟೋಪಿ ಹಾಕಿ ನೋಡುತ್ತಿದ್ದ, ಸರಿಯಾಗಿ ಕೂರುತ್ತಿತ್ತು. ಸಂಜೆಗೆ ನೋಡಿದರೆ ಅದೇ ಟೋಪಿ ಹಿಡಿಯದು, ಇಲ್ಲವೇ ಲೊಡಲೊಡ. ಕೊರೆಯುವಾಗ ಕಟ್ಟಿಗೆ ಬಿಸಿಯಾಗಿರುತ್ತದೆ, ತಣ್ಣಗಾದ ಮೇಲೆ ಅದರ ಅಳತೆ ಬೇರೆ ಎಂದು ಅಪ್ಪ ಹೇಳಿದ ಮೇಲೆ ನಾವು ರಾತ್ರಿ ಕಳೆಯುವವರೆಗೆ ಬಿಟ್ಟು ಮರುದಿನ ಅಳತೆ ನೋಡತೊಡಗಿದೆವು. ಆದರೂ ಎಲ್ಲಿ ತಗಲುತ್ತಿದೆ ಎಂದು ಕಾಣದೆ ಅಣ್ಣ ಮೆಟ್ಟಿಲನ್ನೆಲ್ಲ ಕೆರೆದು ಸಡಿಲ ಮಾಡಿಬಿಡುತ್ತಿದ್ದ. ನಾನು ನನ್ನ ಕಾಡಿಗೆ ಡಬ್ಬಿ ತಂದು ಟೋಪಿಯ ಒಳಗೆ ಬೆರಳಿನಿಂದ ಸವರಿ, ಪೆನ್ನಿಗೆ ಹಾಕಿ ತೆಗೆದು ತೋರಿಸಿದೆ. ಬಿಗಿ ಇದ್ದ ಕಡೆ ಮಾತ್ರ ಕಪ್ಪು ಹತ್ತಿತ್ತು. ಅಷ್ಟನ್ನೇ ಕೆರೆಯುವುದು, ಮತ್ತೆ ಕಾಡಿಗೆ, ಮತ್ತೆ ಕೆರೆಯುವುದು. ಕೊನೆಗೊಮ್ಮೆ ಟೋಪಿ ಒಳಗಿನ ಗಾಳಿಯನ್ನು ಮೆಲ್ಲಗೆ ಬಿಟ್ಟು "ಟಕ್" ಎಂದು ಕೂತಿತು. ಅಣ್ಣ ಅದನ್ನು ತೆಗೆದು ಹಾಕಿ, ತೆಗೆದು ಹಾಕಿ, ಮನೆಯವರಿಗೆಲ್ಲ ಕೇಳಿಸಿದ.

ಆ ಪೆನ್ನನ್ನು ಒಯ್ಯಲು ಓವರ್‌ಸಿಯರ್ ಬಂದಾಗ ನಾನು ಬಾರಿನ ಹತ್ತಿರ ನಿಂತಿದ್ದೆ.

"ಎಷ್ಟು ಚೆನ್ನಾಗಿ ಕೂತಿದೆಯಪ್ಪ! ಯಾರು ಹೇಳಿಕೊಟ್ಟರು ನಿಂಗೆ?" ಎಂದರು.

"ನಮ್ಮಪ್ಪನ ಕೈ ಕೆಲಸರಿ," ಎಂದ ಅಣ್ಣ.

"ಆ ಹುಡುಗಿ?"

"ಅಕಿ ನನ್ನ ತಂಗಿರಿ. ಬಾರು ಎಳೀತಾಳ."

ಅವನು ಸುಳ್ಳು ಹೇಳಲಿಲ್ಲ. ನಾನು ಬಾರು ಎಳೆಯುವವಳೇ. ಆದರೆ ಆ ಮಾತು ನನ್ನೊಳಗೆ ಮುಳ್ಳಿನಂತೆ ಉಳಿಯಿತು. ದೊಡ್ಡ ಸಾಹೇಬರಿಗೆ ಕೊಡಲು ಇನ್ನೂ ಒಳ್ಳೆಯದೊಂದು ಬೇಕು, ಕೆಲವು ಮಾಡಿಡಿ, ನಾನೇ ಬಂದು ಆರಿಸುತ್ತೇನೆ ಎಂದು ಅವರು ಹೇಳಿ ಹೋದರು. ಆ ಆರಿಸುವ ಕೈ ನನ್ನ ಪೆನ್ನಿನ ಮೇಲೆ ಬೀಳಬೇಕು ಎಂಬ ಆಸೆ ಅವತ್ತೇ ಹುಟ್ಟಿತು. ಉಳಿ ನನ್ನ ಕೈಗೆ ಬರಬೇಕು. ಒಂದೇ ಒಂದು ಸಲ ಸಾಕು.

ನಮ್ಮವರಲ್ಲಿ ಅಮಾವಾಸ್ಯೆಯ ದಿನ ಉಳಿ ಕಟ್ಟಿಗೆಗೆ ತಾಗಬಾರದು. ಹತಾರಗಳನ್ನು ತೊಳೆದು, ಹಲಗೆಯ ಮೇಲೆ ಮಲಗಿಸಿ, ವಿಭೂತಿ ಕುಂಕುಮ ಹಚ್ಚಿ ಹೂ ಏರಿಸುತ್ತಾರೆ. ಅವೂ ಅವತ್ತು ದೇವರೇ. ಆ ಅಮಾವಾಸ್ಯೆ ಮನೆಯವರೆಲ್ಲ ಬಸ್ಸು ಹಿಡಿದು ತಿಂಥಣಿಯ ನಮ್ಮ ಮನೆದೇವರ ಗುಡಿಗೆ ಹೊರಟರು. ನಾನು ಹೊರಗಾಗಿದ್ದೇನೆ, ಗುಡಿಗೆ ಬರುವಂತಿಲ್ಲ ಎಂದೆ. ಅದು ಸುಳ್ಳು. ಅವ್ವ ನನ್ನ ಚಾಪೆಯನ್ನು ಹಿತ್ತಲ ಬಾಗಿಲಿಗೆ ಹಾಕಿ, ಪಡಸಾಲೆ ದಾಟಬೇಡ ಎಂದು ಹೇಳಿ ಹೋದಳು. ಅವರು ಹೋದ ಸ್ವಲ್ಪ ಹೊತ್ತಿಗೆ ಅಣ್ಣ ಒಬ್ಬನೇ ಓಡಿ ಬಂದ.

"ಬುತ್ತಿ ಮರ್ತು ಹೋಗೀವಲ್ಲೇ ಕಾಳಿ!"

ಗಂಟು ಹಿಡಿದು ಓಡಿದ. ನಾನು ಬಾಗಿಲು ಹಾಕಿದೆ.

ಒಬ್ಬರೇ ತಿರುವಲು ಒಂದು ದಾರಿ ಇದೆ. ಬಾರಿನ ಬದಲು ಬಿಲ್ಲಿನಂಥ ಕಮಾನು ಎಡಗೈಯಲ್ಲಿ, ಉಳಿ ಬಲಗೈಯಲ್ಲಿ, ಉಳಿಯ ಬುಡಕ್ಕೆ ಕಾಲಿನ ಹೆಬ್ಬೆರಳ ಆಸರೆ. ಅಪ್ಪ ಮಾಡುವುದನ್ನು ಸಣ್ಣವಳಿದ್ದಾಗಿನಿಂದ ನೋಡಿದ್ದೆ. ಅಟ್ಟದ ಮೇಲೆ ಅಪ್ಪ ಒಣಗಲು ಇಟ್ಟಿದ್ದ ಹುಣಸೆಯ ಚೇಗು ಒಂದಿತ್ತು, ಮರದ ಗಟ್ಟಿ ತಿರುಳು, ಕಬ್ಬಿಣದಂಥ ಕಪ್ಪು. ಆ ವಾರದ ಸ್ಫೋಟಕ್ಕೆ ಅದು ಅಟ್ಟದಿಂದ ನೆಲಕ್ಕೆ ಬಿದ್ದಿತ್ತು. ಅದನ್ನೇ ಎತ್ತಿಕೊಂಡೆ. ಹಲಗೆಯ ಮೇಲಿನ ಹೂವನ್ನು ಬದಿಗೆ ಸರಿಸಿ ಉಳಿ ತೆಗೆದೆ. ಕಟ್ಟಿಗೆಯ ಗೆರೆ ಕೂಡಿ ಬರಲೆಂದು ಒಂದೇ ತುಂಡನ್ನು ಎರಡು ಮಾಡಿ, ಉದ್ದದ್ದರಲ್ಲಿ ಮೈ, ಗಿಡ್ಡದ್ದರಲ್ಲಿ ಟೋಪಿ ತಿರುವಿದೆ. ಅಂಥ ಸೊಂಟ ಅಣ್ಣನ ಯಾವ ಪೆನ್ನಿಗೂ ಬಂದಿರಲಿಲ್ಲ. ನನ್ನ ಮೂರು ಬೆರಳಿಗೆಂದೇ ಹುಟ್ಟಿದಂತಿತ್ತು. ಮನೆಯಲ್ಲಿ ಕಮಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಕೆಲಸ ಮುಗಿಸಿ ಉಗುರು ಎಳೆದೆ.

ಉಗುರು ನಿಂತಿತು.

ಸೀಳು ಮೈಯ ನಡುವಿನಿಂದ ಹೊರಟು ಟೋಪಿಯೊಳಗೂ ಹೋಗಿತ್ತು. ಕೂದಲಿನಷ್ಟು. ಹೊರಗೆ ಆಗಲೇ ಸೈರನ್ ಕೂಗಿತು. ಗೂಡಿನಲ್ಲಿನ ತಂಬಿಗೆ ಇಳಿಸಲು ಅವ್ವ ಇರಲಿಲ್ಲ, ನಾನೂ ಏಳಲಿಲ್ಲ. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಕೂತೆ. ನೆಲ ನಡುಗಿತು, ತಂಬಿಗೆ ಬಿದ್ದು ಉರುಳಿತು. ಅದು ನಿಂತ ಮೇಲೆ ನಾನು ಕಪ್ಪು ಅರಗಿನ ಬತ್ತಿ ಎತ್ತಿಕೊಂಡೆ. ಕಮಾನು ಜೋರಾಗಿ ಆಡಿಸಿ ಅರಗು ಕರಗಿಸಿ ಸೀಳಿನೊಳಗೆ ಒತ್ತಿದೆ, ಮೇಲೊಂದು ಪದರ, ಅದರ ಮೇಲೆ ಇನ್ನೊಂದು. ತಾಳೆಗರಿಯಿಂದ ಉಜ್ಜಿದೆ. ಮತ್ತೆ ಉಗುರು ಎಳೆದೆ. ಉಗುರು ಎಣ್ಣೆಯ ಮೇಲೆ ಹೋದಂತೆ ಹೋಯಿತು.

ಸಂಜೆ ಅಪ್ಪ ಬಂದವನೇ ಹತಾರಗಳ ಮುಂದೆ ಕೈ ಮುಗಿಯಲು ಬಗ್ಗಿದ. ಹೂ ಇದ್ದಲ್ಲೇ ಇಟ್ಟಿದ್ದೆ. ಆದರೆ ಉಳಿಯ ಹಿಡಿಯ ಕುಂಕುಮ ಹಿಡಿತುಂಬ ಹರಡಿತ್ತು.

"ಯಾರು ಮುಟ್ಟ್ಯಾರ ಇದನ್ನ?"

ಅಣ್ಣ ನನ್ನ ಕೈ ನೋಡಿದ. ನನ್ನ ಬೆರಳ ತುದಿಗಳಲ್ಲಿ ಅರಗಿನ ಕಪ್ಪು ಇತ್ತು. ಆಮೇಲೆ ನಾನು ಕೂತಿದ್ದ ಹಿತ್ತಲ ಚಾಪೆ ನೋಡಿದ. ಹೊರಗಾದವಳು, ಅಮಾವಾಸ್ಯೆಯ ದಿನ, ದೇವರಾದ ಉಳಿಯನ್ನು ಮುಟ್ಟಿದ್ದಾಳೆ ಎಂದು ಅವನು ತಿಳಿದ.

"ನಾನಪ್ಪಾ," ಎಂದ. "ಬುತ್ತಿ ತರಾಕ ತಿರುಗಿ ಬಂದಿದ್ನಲ್ಲ, ಆವಾಗ. ಒಂದು ಪೆನ್ನು ತಿದ್ದೋದು ಉಳದಿತ್ತು."

ಅಪ್ಪ ಬಯ್ಯಲಿಲ್ಲ, ಹೊಡೆಯಲಿಲ್ಲ. ಹಲಗೆಯ ಮೇಲಿನ ಹೂವನ್ನೆಲ್ಲ ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡ.

"ನಾ ಏನ ಕೇಳಲಿ. ಕೇಳಾಂವ ಕೇಳ್ತಾನ," ಎಂದ.

ಮರುದಿನ ಬೆಳಿಗ್ಗೆ ಅಣ್ಣ ತನ್ನ ಪೆನ್ನುಗಳ ನಡುವೆ ನನ್ನದನ್ನು ಕಂಡು ಎತ್ತಿಕೊಂಡ. ಮೂರು ಬೆರಳಲ್ಲಿ ಹಿಡಿದ, ನನ್ನ ಕಡೆಗೆ ನೋಡಿದ, ನಕ್ಕ.

"ಕಳ್ಳಿ. ನನ್ನ ಪೆನ್ನಿಗಿಂತ ಚಂದ ಮಾಡೀದಿಯಲ್ಲೇ. ಇವತ್ತ ಸಾಹೇಬ್ರು ಬರ್ತಾರ. ಇದು ನಮ್ಮ ಕಾಳಮ್ಮ ಮಾಡಿದ್ದರಿ ಅಂತ ಹೇಳ್ತೀನಿ. ಅಪ್ಪನ ಎದುರಿಗೆ ಬ್ಯಾಡ, ಹೊರಗ ಹೋಗಿ ಹೇಳ್ತೀನಿ."

ಟೋಪಿ ಹಾಕಿ ನೋಡಿದ. ಅರಗಿನ ಪದರ ಮೆಟ್ಟಿಲಿನ ಮೇಲೂ ಹತ್ತಿ ಒಂದು ಕೂದಲಷ್ಟು ಬಿಗಿಯಾಗಿತ್ತು.

"ಈಟ ಕೆರದ್ರ ಟಕ್ ಅಂತದ. ಬಾ, ಬಾರು ಹಿಡಿ."

ಆಗ ಹೇಳಬಹುದಿತ್ತು. ಅವನು ಪೆನ್ನಿನ ಮೈಯ ತೂತಿಗೆ ಕಬ್ಬಿಣದ ಸಲಾಕೆ ತೂರಿಸಿ ಮೊನೆಗಳ ನಡುವೆ ನಿಲ್ಲಿಸುವಷ್ಟು ಹೊತ್ತು ನನಗೆ ಇತ್ತು. ರೂಢಿಯಂತೆ ಅವನು ಅದರ ಮೇಲೆ ಉಗುರನ್ನೂ ಎಳೆದ. ಉಗುರು ನಿಲ್ಲಲಿಲ್ಲ. ಕಟ್ಟಿಗೆಯನ್ನು ನಂಬದವನು ನನ್ನ ಅರಗನ್ನು ನಂಬಿದ. ಸೀಳು ಇದೆ ಎಂದರೆ ಪೆನ್ನು ಒಲೆಗೆ ಹೋಗುತ್ತದೆ, ಕಾಳಮ್ಮ ಮಾಡಿದ್ದು ಎಂಬ ಮಾತೂ ಅದರೊಂದಿಗೆ ಹೋಗುತ್ತದೆ. ಅವನು ಕೆರೆಯುವುದು ತುದಿಯ ಮೆಟ್ಟಿಲು, ಸೀಳು ಇರುವುದು ನಡುವೆ ಎಂದು ನನಗೆ ನಾನೇ ಹೇಳಿಕೊಂಡೆ. ಅಣ್ಣ ಮುಖ ಬಗ್ಗಿಸಿ ಕಟ್ಟಿಗೆಯ ಹತ್ತಿರ ತಂದ, ಸಣ್ಣ ಕೆಲಸ ಅಲ್ಲವೇ.

"ಎಳಿ," ಅಂದ.

ಎಳೆದೆ.

ಒಣ ಜಾಲಿ ಮುಳ್ಳು ಒಲೆಯಲ್ಲಿ ಸಿಡಿದಂಥ ಸದ್ದು, ಅಷ್ಟೇ. ಅಣ್ಣ "ಬಿಟ್ಟೆ" ಅನ್ನಲಿಲ್ಲ. ಅವನು ಅನ್ನಲಿಲ್ಲವೆಂದು ನನ್ನ ಕೈಗಳು ಇನ್ನೂ ಬಾರನ್ನು ಎಳೆಯುತ್ತಲೇ ಇದ್ದವು. ಖಾಲಿ ಸಲಾಕೆ ತಿರುಗುತ್ತಿತ್ತು. ಅವನು ಎಡಗಣ್ಣಿಗೆ ಅಂಗೈ ಒತ್ತಿ, ಯಾರನ್ನೂ ಕರೆಯದೆ, ಹಣೆಯನ್ನು ನೆಲಕ್ಕೆ ಹಚ್ಚಿ ಕೂತಿದ್ದ.

ಯಾದಗಿರಿಗೆ ಒಯ್ದರು, ಅಲ್ಲಿಂದ ಕಲಬುರಗಿಗೆ ಒಯ್ದರು. ಎಡಗಣ್ಣು ಹೋಯಿತು. ಅವ್ವ ಎದೆ ಬಡಿದುಕೊಂಡು ಅತ್ತಳು, ಅಮಾವಾಸ್ಯೆ ಮುಟ್ಟಿದನಲ್ಲ ನನ್ನ ಮಗ, ಒಂದು ದಿನ ತಡೆಯಲಿಲ್ಲವಲ್ಲ ಎಂದು ಬಂದವರಿಗೆಲ್ಲ ಹೇಳಿದಳು. ಊರಿನವರು ಹೌದೌದು ಎಂದರು. ಚೂರುಗಳನ್ನು ಯಾರೂ ನೋಡಲಿಲ್ಲ, ನಾನೇ ಗುಡಿಸಿ ಒಲೆಗೆ ಹಾಕಿದೆ. ಟೋಪಿಯನ್ನು ಮಾತ್ರ ಹಾಕಲಾಗಲಿಲ್ಲ. ಸೀರೆಯ ಟ್ರಂಕಿನ ತಳದಲ್ಲಿ ಇಟ್ಟೆ. ಅಣ್ಣ ಮನೆಗೆ ಬಂದ ಮೇಲೆ ನಾನು ಅವನ ಹಾಸಿಗೆಯ ಹತ್ತಿರ ಕೂತು ಬಾಯಿ ತೆರೆದೆ. ಅವನೇ ಮೊದಲು ಮಾತಾಡಿದ.

"ಅಳಬ್ಯಾಡ. ನೀ ಮುಟ್ಟಿದ್ದು ಯಾರಿಗೂ ಹೇಳಂಗಿಲ್ಲ ನಾ. ಅಪ್ಪನ ಮುಂದ, ದೇವರ ಮುಂದ ಸುಳ್ಳು ಹೇಳ್ದಾಂವ ನಾನು. ನನ್ನ ಕಣ್ಣ ಹೋಗ್ಯಾದ. ನಿಂದು ಉಳೀತಲ್ಲ, ಸಾಕು."

ತೆರೆದ ಬಾಯಿ ಮುಚ್ಚಿಕೊಂಡೆ.

ಅಮಾವಾಸ್ಯೆ ಮುಟ್ಟಿದ ಕೈಗೆ ಅಪ್ಪ ಮತ್ತೆ ಉಳಿ ಕೊಡಲಿಲ್ಲ. ತನ್ನ ಕೈಯೋ ನಡುಗುತ್ತಿತ್ತು. ಮನೆ ನಡೆಯಬೇಕಿತ್ತು. ಉಳಿ ನನ್ನ ಕೈಗೆ ಬಂತು. ನಾನು ಬಯಸಿದ್ದು ಬಯಸಿದಂತೆಯೇ ಬಂತು. ಬಾರು ಎಳೆಯಲು ಅಣ್ಣ ಎದುರಿಗೆ ಕೂತ. ನಾನು "ಎಳಿ" ಅನ್ನುತ್ತಿದ್ದೆ, ಅವನು ಎಳೆಯುತ್ತಿದ್ದ. ಕಾಲುವೆಗೆ ನೀರು ಬಂತು, ಜೋಳದ ಹೊಲಗಳು ಗದ್ದೆಯಾದವು, ಗೋಡೆ ನಡುಗುವುದು ನಿಂತಿತು. ಅಪ್ಪ ಹೋದ, ಅವ್ವ ಹೋದಳು. ಮದುವೆ ನನಗೂ ಆಗಲಿಲ್ಲ, ಅವನಿಗೂ ಆಗಲಿಲ್ಲ. ದೇವರು ಮುನಿದ ಗಂಡಿಗೆ ಹೆಣ್ಣು ಕೊಡುವವರು ಯಾರು? ಪ್ರತಿ ಅಮಾವಾಸ್ಯೆ ಅವನು ತಿಂಥಣಿಗೆ ಹೋಗಿ, ಗುಡಿಯ ಮುಂದೆ ಉದ್ದಕ್ಕೆ ಬಿದ್ದು, ತಪ್ಪಾಯಿತು ಎಂದು ಬೇಡಿಕೊಂಡು ಬರುತ್ತಿದ್ದ. ಮುಪ್ಪು ಬಂದು ಬಲಗಣ್ಣು ಮಂಜಾದ ಮೇಲೂ ಬಿಡಲಿಲ್ಲ. ಬುತ್ತಿ ಕಟ್ಟಿ ಬಸ್ಸು ಹತ್ತಿಸುವವಳು ನಾನು. ಪೆನ್ನನ್ನಂತೂ ನಾನು ಮತ್ತೆ ಮಾಡಲಿಲ್ಲ. ಯಾರಾದರೂ ಕೇಳಿದರೆ ಬರುವುದಿಲ್ಲ ಎನ್ನುತ್ತೇನೆ.

ಹೋದ ಅಮಾವಾಸ್ಯೆಯ ಹಿಂದಿನ ದಿನ ಟ್ರಂಕು ಬಿಸಿಲಿಗೆ ಹಾಕಿದ್ದೆ. ಟೋಪಿ ಕೈಗೆ ಸಿಕ್ಕಿತು. ಮೇಲಿನ ಅರಗು ಹಕ್ಕಳೆ ಎದ್ದು ಉದುರಿತ್ತು. ಒಳಗಿನ ಸೀಳು ಕಾಣುತ್ತಿತ್ತು, ಮುದುಕರ ಹಲ್ಲಿನ ಸಂದಿಯಂತೆ. ಅಣ್ಣ ಪಡಸಾಲೆಯಲ್ಲಿ ಕೂತು, ನಾಳೆ ಬುತ್ತಿಗೆ ಶೇಂಗಾ ಹಿಂಡಿ ಇರಲಿ ಎಂದು ಹೇಳುತ್ತಿದ್ದ. ನಾನು ಟೋಪಿಯನ್ನು ಅವನ ಅಂಗೈಯಲ್ಲಿ ಇಟ್ಟೆ.

"ಏನಿದು?"

"ನೋಡು."

ಕಣ್ಣಿನ ಹತ್ತಿರ ಒಯ್ಯಲಿಲ್ಲ ಅವನು. ಹೆಬ್ಬೆರಳ ಉಗುರನ್ನು ನೆತ್ತಿಯಿಂದ ಬಾಯಿಯವರೆಗೆ ಎಳೆದ. ನಡುವೆ ಉಗುರು ನಿಂತಿತು. ಬಾಯಿಯಿಂದ ನೆತ್ತಿಗೆ ಎಳೆದ. ಅದೇ ಜಾಗದಲ್ಲಿ ನಿಂತಿತು. ಉಗುರಿನ ತುದಿಯಿಂದ ಸೀಳಿನೊಳಗೆ ಕೆದಕಿ, ಬಂದದ್ದನ್ನು ಬೆರಳುಗಳ ನಡುವೆ ತಿಕ್ಕಿದ.

"ಸೀಳಿನ ಒಳಗ ಅರಗು ಕೂತಾದ."

"ಹೂಂ."

"ಅಂದ್ರ ಸೀಳು ಮೊದಲ, ಅರಗು ಆಮ್ಯಾಲ."

"ಹೂಂ, ಅಣ್ಣಾ."

"ಎಳಿ ಅಂದಾಗ ಗೊತ್ತಿತ್ತು ನಿನಗ?"

"ಗೊತ್ತಿತ್ತು."

ಟೋಪಿಯನ್ನು ತಿರುಗಿಸುತ್ತ ಕೂತ. ಒಳಗೆ ಹೆಂಚಿನ ಮೇಲೆ ಬಿಟ್ಟು ಬಂದಿದ್ದ ರೊಟ್ಟಿ ಸೀಯುವ ವಾಸನೆ ಬಂತು. ನಾನು ಏಳಲಿಲ್ಲ. ಅವನು ಕೈ ಚಾಚಿ ನೆಲ ತಡವಿ, ತನಗೂ ನನಗೂ ನಡುವೆ ಟೋಪಿಯನ್ನು ಇಟ್ಟ.

"ನಾಳಿ ಬುತ್ತಿ ಕಟ್ಟಬ್ಯಾಡ," ಎಂದ.